ಯಾರೂ ನೋಡದ ತೆಂಗಿನ ಪಟ

ಅವರು ತೀರಿಕೊಂಡ ಸುದ್ದಿ ನನಗೆ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ, ಹಳೆಯ ವಿದ್ಯಾರ್ಥಿಯೊಬ್ಬನ ಬಾಯಿಂದ ಸಿಕ್ಕಿತು ಎಂದು ಮೊದಲು ಬರೆದೆ. ಓದಿ ನೋಡಿದರೆ ಚೆನ್ನಾಗಿಯೇ ಇತ್ತು. ಆದರೆ ಹಾಗೆ ಆಗಲಿಲ್ಲ. ಸುದ್ದಿ ಬಂದದ್ದು ಅಂಚೆ ಕಾರ್ಡಿನಲ್ಲಿ, ತಿಥಿಯೆಲ್ಲ ಮುಗಿದು ಹದಿನೈದು ದಿನ ಆದ ಮೇಲೆ. ಅದನ್ನು ಓದಿ ನಾನು ಮಾಡಿದ ಮೊದಲ ಕೆಲಸ ಕಾರ್ಡನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದದ್ದು. ಕಾರಣವೇನೂ ಇಲ್ಲ. ಆರು ವರ್ಷ ಅವರ ಜೊತೆ ಕೂತಿದ್ದವರಿಗೆ ಅಂಟುವ ಚಾಳಿ ಅದು. ಯಾವ ಕಾಗದ ಕೈಗೆ ಬಂದರೂ ಅವರು ಮೊದಲು ಬೆಳಕಿಗೆ ಹಿಡಿಯುತ್ತಿದ್ದರು, ಆಮೇಲೆ ಓದುತ್ತಿದ್ದರು.

ತಿಪಟೂರಿನಲ್ಲಿ ಆಗ ಒಂದು ಸಣ್ಣ ಖಾಸಗಿ ಕಾಲೇಜಿತ್ತು. ಈಗ ಅದು ಇಲ್ಲ. ಅವರು ಅಲ್ಲಿ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್, ನಾನು ಇಂಗ್ಲಿಷ್ ಮೇಷ್ಟ್ರು. ಸ್ಟಾಫ್ ರೂಮಿನ ಹರಟೆ ತಾಳಲಾರದೆ ಮಧ್ಯಾಹ್ನ ಅವರ ಲ್ಯಾಬಿನಲ್ಲಿ ಹೋಗಿ ಕೂರುತ್ತಿದ್ದೆ. ಅವರ ಮುಖವನ್ನು ಇಲ್ಲಿ ವರ್ಣಿಸಬೇಕು. ನನಗೆ ಸಿಗುವುದು ಬಲಗಣ್ಣು ಮಾತ್ರ, ಅದೂ ಭೂತಗನ್ನಡಿಯ ಹಿಂದೆ ಊದಿಕೊಂಡು. ಮೂಗು, ಕಿವಿ, ಮೀಸೆ ಇತ್ತೋ ಇಲ್ಲವೋ, ಇವನ್ನು ನಾನು ಕಟ್ಟಿ ಬರೆಯಬಹುದು. ಬರೆಯುವುದಿಲ್ಲ.

ಲ್ಯಾಬಿನಲ್ಲಿ ಹನ್ನೆರಡು ಹಳೆಯ ಗಿಡಮರದ ಚಿತ್ರಗಳಿದ್ದವು. ಮುತ್ತುಗ, ಹೊಂಗೆ, ಕಕ್ಕೆ, ಹಲಸು, ಹೀಗೆ. ಒಂದೊಂದರಲ್ಲೂ ಹೂವು, ಕಾಯಿ, ಕಾಯಿಯನ್ನು ಸೀಳಿದಾಗ ಕಾಣುವ ಬೀಜ. ಯಾವುದೋ ಕಾಲದಲ್ಲಿ ಯೂರೋಪಿನಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿ, ಕೈಯಲ್ಲಿ ಬಣ್ಣ ಬಳಿದವು. ದಂಡಿನಶಿವರದ ಒಬ್ಬ ಕೊಬ್ಬರಿ ವ್ಯಾಪಾರಿ, ಊರು ಬಿಟ್ಟು ಹೋಗುತ್ತಿದ್ದ ಬಿಳಿಯ ಅಧಿಕಾರಿಯೊಬ್ಬನ ಹರಾಜಿನಲ್ಲಿ ಮೇಜು ಕುರ್ಚಿಗಳ ಜೊತೆ ಕೊಂಡಿದ್ದರಂತೆ. ಕಾಲೇಜು ಶುರುವಾದಾಗ ದಾನ ಕೊಟ್ಟರು. ಹನ್ನೊಂದು ಬೀರುವಿನಲ್ಲಿ. ಹನ್ನೆರಡನೆಯದು ತೆಂಗು. ಅದಕ್ಕೆ ದಾನಿಗಳೇ ಕಟ್ಟು ಹಾಕಿಸಿ ಬಾಗಿಲ ಪಕ್ಕದ ಗೋಡೆಗೆ ತಗುಲಿಸಿ ಹೋಗಿದ್ದರು.

ಬೀರುವಿನ ಬೀಗದ ಕೈ ಹದಿನೆಂಟು ವರ್ಷ ನಮ್ಮ ಡೆಮಾನ್‌ಸ್ಟ್ರೇಟರ ಉಡಿದಾರದಲ್ಲಿತ್ತು.

ಚಿಕ್ಕ ವಯಸ್ಸಿನಲ್ಲಿ ಬೆಂಗಳೂರಿನ ಒಂದು ಸಸ್ಯತೋಟದ ಕಚೇರಿಯಲ್ಲಿ ಒಣಗಿದ ಎಲೆಗಳನ್ನು ರಟ್ಟಿಗೆ ಅಂಟಿಸುವ ಕೆಲಸ ಮಾಡಿದ್ದರು. ಚಿತ್ರ ನೋಡುವುದನ್ನು ಅಲ್ಲಿ ಕಲಿತದ್ದು. ಕೊಬ್ಬರಿ ಮಂಡಿಯಲ್ಲಿ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಾರಲ್ಲ, ಇವರು ಕಾಗದವನ್ನು ಹಾಗೇ ಕಿವಿಗೆ ಹಿಡಿದು ಮೂಲೆಯನ್ನು ಬೆರಳಲ್ಲಿ ಮಿಡಿಯುತ್ತಿದ್ದರು.

"ಹಳೇದು ಬಟ್ಟೆ ಚಿಂದಿ ಅರೆದು ಮಾಡಿದ್ದು. ಮಿಡಿದ್ರೆ ತಿರುಗಿ ಉತ್ತರ ಕೊಡ್ತದೆ. ಹೊಸದು ಮರದ ಹಿಟ್ಟು. ಮಿಡಿದ್ರೆ ಸುಮ್ನೆ ಮಲಗ್ತದೆ."

ಆಮೇಲೆ ಕಣ್ಣು ಮುಚ್ಚಿ ಚಿತ್ರದ ಸುತ್ತ ಬೆರಳಾಡಿಸುತ್ತಿದ್ದರು. ತಾಮ್ರದ ತಗಡನ್ನು ಒತ್ತಿದ ಕಡೆ ಕಾಗದದಲ್ಲಿ ಒಂದು ತಗ್ಗು ಉಳಿಯುತ್ತದೆ, ನಾಲ್ಕೂ ಕಡೆ, ಕಾಣದ ಚೌಕಟ್ಟಿನ ಹಾಗೆ. ಅದು ಸಿಕ್ಕ ಮೇಲಷ್ಟೇ ಭೂತಗನ್ನಡಿ.

"ಬಣ್ಣ ಎಲ್ಲಾದ್ರೂ ಒಂದ್ಕಡೆ ಗೆರೆ ದಾಟಿರಬೇಕು ಕಣ್ರೀ. ಬಳಿದೋರು ಕೂಲಿಗೆ ಬಳಿದೋರು. ಸಾಯಂಕಾಲಕ್ಕೆ ಕೈ ಸೋಲ್ತದೆ. ಎಲ್ಲೂ ಗೆರೆ ದಾಟಿಲ್ಲ ಅಂದ್ರೆ ಅದು ಮಿಷನ್ನು."

ಬೆಲೆ ಹೇಳಿ ಎಂದು ಬರುವವರಿಗೆ ಅವರು ಹೇಳುತ್ತಿದ್ದ ರೀತಿ ಮಾತ್ರ ನನಗೆ ಹಿಡಿಸುತ್ತಿರಲಿಲ್ಲ. ಮಾಯಸಂದ್ರದಿಂದ ಒಬ್ಬ ನಿವೃತ್ತ ಶಾಲಾ ಮೇಷ್ಟ್ರು, ಪಂಚೆಯಲ್ಲಿ ಸುತ್ತಿಕೊಂಡು ಒಂದು ತಾವರೆಯ ಚಿತ್ರ ತಂದಿದ್ದರು. ಅಜ್ಜನ ಕಾಲದ್ದು, ಮೊಮ್ಮಗಳ ಓದಿಗೆ ಆಗುತ್ತದೆ ಎಂದು ಆಸೆ. ಇವರು ಅರ್ಧ ನಿಮಿಷ ನೋಡಿದರು.

"ಬಿಸ್ಕತ್ ಡಬ್ಬಿ ಒಳಗೆ ಬರ್ತಿದ್ದ ಚಿತ್ರ ಸಾರ್. ಬೆಲೆ ಇಲ್ಲ."

ಆ ಹಿರಿಯರು ಚಿತ್ರವನ್ನು ಮತ್ತೆ ಪಂಚೆಯಲ್ಲಿ ಸುತ್ತಲು ಹೋಗಿ ಎರಡು ಸಲ ತಪ್ಪಿದರು. ಅವರು ಹೋದ ಮೇಲೆ ನಾನು ರೇಗಿದೆ. ಸ್ವಲ್ಪ ಮೆತ್ತಗೆ ಹೇಳಬಹುದಿತ್ತಲ್ಲ ಎಂದೆ.

"ನಾನು ಮೆತ್ತಗೆ ಹೇಳಿದ್ರೆ ಅವರು ಬೆಂಗಳೂರಿಗೆ ಹೋಗ್ತಾರೆ. ಬಸ್ ಚಾರ್ಜ್ ಯಾರು ಕೊಡ್ತಾರೆ, ನೀವಾ?"

ಇದು ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ. ಆ ವರ್ಷವೇ ಗಲಾಟೆ ಶುರುವಾದದ್ದು. ದಾನಿಗಳು ಸತ್ತು ಬಹಳ ಕಾಲವಾಗಿತ್ತು. ಅವರ ಮಗ ಈಗ ಕಾಲೇಜಿನ ಆಡಳಿತ ಸಮಿತಿಯಲ್ಲಿ ಸದಸ್ಯ. ದೊಡ್ಡ ದನಿ, ಬಿಳಿ ಸಫಾರಿ, ಬಾಯಲ್ಲಿ ಸದಾ ಏಲಕ್ಕಿ. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಇಂಥದೇ ಚಿತ್ರ ಗೋಡೆಯ ಮೇಲೆ ಕಂಡು ವಿಚಾರಿಸಿದರಂತೆ. ಅಲ್ಲಿಂದ ಒಬ್ಬ ಹಳೆಯ ವಸ್ತುಗಳ ವ್ಯಾಪಾರಿಯ ಪರಿಚಯ. ಹನ್ನೆರಡೂ ಇದ್ದರೆ ಒಂದು ಬೆಲೆ, ಒಂದು ಕಡಿಮೆಯಾದರೂ ಅದರ ಕಾಲು ಭಾಗವೂ ಇಲ್ಲ ಎಂದು ಆತ ಹೇಳಿದನಂತೆ. ಸದಸ್ಯರು ಚಿತ್ರಗಳನ್ನು ವಾಪಸು ಕೇಳಿದರು, ಸುರಕ್ಷತೆಗಾಗಿ ಎಂದು. ಸಮಿತಿ ಒಪ್ಪಿತು. ಹನ್ನೆರಡೂ ಅಸಲಿ ಎಂದು ವಿಭಾಗದಿಂದ ಒಂದು ಪತ್ರ ಮಾತ್ರ ಬೇಕಿತ್ತು. ಅದನ್ನು ಬರೆಯಬಲ್ಲವರು ಇವರೊಬ್ಬರೇ.

ಇವರು ಒಂದೊಂದನ್ನೂ ಮೇಜಿನ ಮೇಲೆ ಹರಡಿ ನೋಡಿದರು. ಹನ್ನೊಂದು ಮುಗಿಯಿತು. ಗೋಡೆಯಿಂದ ತೆಂಗನ್ನು ಇಳಿಸಿ, ಗಾಜು ಬಿಚ್ಚಿ, ಮೂಲೆ ಮಿಡಿದರು. ಮತ್ತೆ ಮಿಡಿದರು. ಬೆರಳಾಡಿಸಿದರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಗ್ಗಿದ್ದರು.

"ಇಲ್ಲಿ ಬನ್ನಿ," ಎಂದು ನನ್ನನ್ನು ಕರೆದರು.

ಗರಿಯ ಹಸಿರು ಭೂತಗನ್ನಡಿಯ ಕೆಳಗೆ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದುಹೋಯಿತು. ಹಳದಿ ಚುಕ್ಕಿ, ನೀಲಿ ಚುಕ್ಕಿ. ಪತ್ರಿಕೆಯ ಬಣ್ಣದ ಪುಟದ ಹಾಗೆ. ಸುತ್ತ ತಗ್ಗಿರಲಿಲ್ಲ. ಇನ್ನೊಂದು ಸಾಕ್ಷಿಯೂ ಇತ್ತು. ಹನ್ನೊಂದು ಚಿತ್ರಗಳಲ್ಲೂ ಎಡಗಡೆ ಕೆಳಗೆ, ಒಂದೇ ಜಾಗದಲ್ಲಿ, ಹುಳು ಕೊರೆದ ಒಂದು ತೂತು. ಕಟ್ಟಾಗಿ ಇಟ್ಟಿದ್ದಾಗ ಒಂದರಿಂದ ಇನ್ನೊಂದಕ್ಕೆ ನೇರವಾಗಿ ಕೊರೆದುಕೊಂಡು ಹೋಗಿತ್ತು. ತೆಂಗಿನಲ್ಲಿ ಆ ತೂತಿರಲಿಲ್ಲ.

"ಯಾವಾಗಿಂದ ಹೀಗೆ?" ಎಂದೆ.

"ಗೊತ್ತಿಲ್ಲ. ನಾನು ಇದನ್ನ ನೋಡೇ ಇಲ್ಲ."

ನನಗೆ ನಂಬಲಾಗಲಿಲ್ಲ. ಹದಿನೆಂಟು ವರ್ಷ. ಮುತ್ತುಗದ ಹೂವಿನಲ್ಲಿ ಯಾವ ಎಸಳಿಗೆ ಕೂಲಿಯವನ ಕೈ ಸೋತಿತ್ತು ಎಂದು ಹೇಳಬಲ್ಲ ಮನುಷ್ಯ.

"ಕಿಟಕಿ ಆಚೆ ನೋಡಿ," ಎಂದರು. ಕಿಟಕಿಯ ಆಚೆ ತೆಂಗು. ಅದರ ಆಚೆ ತೆಂಗು. ಆ ಸೀಮೆಯಲ್ಲಿ ಯಾವ ಕಿಟಕಿ ತೆಗೆದರೂ ಅಷ್ಟೇ. "ಈ ಊರಲ್ಲಿ ತೆಂಗಿನ ಚಿತ್ರನ ಯಾರು ನೋಡ್ತಾರೆ? ನಾನೂ ನೋಡಲಿಲ್ಲ. ಹಿಂದಿನ ಹಲಗೆಗೆ ಗೆದ್ದಲು ಹಿಡಿದಾಗ ಬಡಗಿ ಕೈಗೆ ಕೊಟ್ಟು ಹಲಗೆ ಬದಲಾಯಿಸಿದೆ. ಆಗಲೂ ನೋಡಲಿಲ್ಲ."

ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿ ಬಾಗಿಲು ಹಾಕಿಕೊಂಡು ಮಾತಾಡಿದರು. ಒಳ್ಳೆಯ ಮನುಷ್ಯ, ಹೆದರುಪುಕ್ಕಲ.

"ನಿಮಗೆ ಇನ್ನು ಒಂದು ವರ್ಷ ಸರ್ವೀಸು. ಹನ್ನೆರಡೂ ಸರಿ ಅಂತ ಬರೆದು ಕೈ ತೊಳ್ಕಳ್ರೀ. ಅವರಿಗೇನು ತಿಳಿಯುತ್ತೆ?"

"ಕೊಳ್ಳೋನಿಗೆ ತಿಳಿಯುತ್ತೆ ಸಾರ್."

"ಅಷ್ಟು ಹೊತ್ತಿಗೆ ಅದು ನಮ್ಮ ಕೈಲಿರಲ್ಲ."

"ಬರೆದ ಕೈ ನಂದೇ ಇರ್ತದಲ್ಲ."

ಹೊರಗೆ ಬಂದ ಮೇಲೆ ನಾನೂ ಪ್ರಿನ್ಸಿಪಾಲರ ಮಾತನ್ನೇ ಹೇಳಿದೆ. ಇದನ್ನು ಬಿಟ್ಟು ಬರೆಯಬಹುದಿತ್ತು, ಹಲವು ಸಲ ಬಿಟ್ಟೂ ನೋಡಿದೆ. ಬರೆಯಿರಿ ಸಾರ್, ಬರೆದುಬಿಡಿ ಎಂದು ನಾನೇ ಪೆನ್ನು ತೆಗೆದುಕೊಟ್ಟೆ. ಅವರು ನನ್ನ ಪೆನ್ನಿನಲ್ಲೇ ಬರೆದರು: ಹನ್ನೊಂದು ಅಸಲಿ, ತೆಂಗಿನದು ಈಚಿನ ಅಚ್ಚು, ಬೆಲೆ ಇಲ್ಲ. ಕೆಳಗೆ ಪೂರ್ತಿ ಹೆಸರು, ತಾರೀಖು.

ಸದಸ್ಯರು ಮರುದಿನವೇ ಲ್ಯಾಬಿಗೆ ಬಂದರು. ಕೂರಲಿಲ್ಲ.

"ಬೀಗದ ಕೈ ಯಾರ ಹತ್ರ ಇತ್ತು ಮೇಷ್ಟ್ರೇ?"

"ನನ್ನ ಹತ್ರ."

"ಅಸಲಿ ಯಾವುದು, ನಕಲಿ ಯಾವುದು ಅಂತ ಈ ತಾಲ್ಲೂಕಲ್ಲಿ ಯಾರಿಗೆ ಗೊತ್ತು?"

"ನನಗೆ."

"ಹಂಗಾದ್ರೆ ಇನ್ನು ನಾನೇನು ಕೇಳ್ಲಿ?"

ಇವರು ಹುಳದ ತೂತು ತೋರಿಸಿದರು. ಹುಳು ಕೊರೆಯುವಾಗ ಈ ಚಿತ್ರ ಉಳಿದವುಗಳ ಜೊತೆ ಇರಲಿಲ್ಲ, ಇಷ್ಟು ಮಾತ್ರ ಇದರಿಂದ ಗೊತ್ತಾಗುತ್ತದೆ ಎಂದರು.

"ಹುಳಕ್ಕೂ ತೆಂಗು ಬೇಜಾರಾಗಿತ್ತೇನೋ ಬುಡಿ," ಎಂದು ಸದಸ್ಯರು ನಕ್ಕರು. ಆಮೇಲೆ ನಗಲಿಲ್ಲ. "ಒಂದು ವಾರ. ನಮ್ಮಪ್ಪನ ತೆಂಗಿನ ಪಟ ನಮ್ಮನೆಗೆ ಬರಬೇಕು. ಬಂದ್ರೆ ನಾನು ಯಾರ್ ಹತ್ರಾನೂ ಮಾತಾಡಲ್ಲ. ಬರ್ಲಿಲ್ಲ ಅಂದ್ರೆ ಪೊಲೀಸ್ ಸ್ಟೇಷನ್ನು. ಪೆನ್ಷನ್ ಆಸೆ ಬುಟ್ಬುಡಿ."

ಆ ವಾರ ಹೇಗೆ ಕಳೆಯಿತು ಎನ್ನುವುದಕ್ಕೆ ನನ್ನ ಹತ್ತಿರ ಚೂರುಗಳು ಮಾತ್ರ ಇವೆ. ಅಟೆಂಡರ್ ಅವರಿಗೆ ಕಾಫಿ ತರುವುದನ್ನು ನಿಲ್ಲಿಸಿದ. ಕರಿಹಲಗೆಯ ಮೇಲೆ ವಿದ್ಯಾರ್ಥಿಗಳು ತೆಂಗಿನ ಮರ ಬರೆದು ಅದಕ್ಕೊಂದು ಬೀಗ ಹಾಕಿದ್ದರು. ಅವರು ಅದನ್ನು ಅಳಿಸದೆ, ಪಕ್ಕದಲ್ಲಿ ಉಳಿದ ಜಾಗದಲ್ಲೇ ಹುರುಳಿಯ ಬೇರು ಬರೆದು ಪಾಠ ಮಾಡಿದರು. ಕಟ್ಟಿನ ಹಲಗೆ ಬದಲಾಯಿಸಿದ್ದ ಬಡಗಿಯನ್ನು ಹುಡುಕಿಕೊಂಡು ಹೋದರು. ಅವನು ಸತ್ತು ಮೂರು ವರ್ಷವಾಗಿತ್ತು. ಅವರ ಹೆಂಡತಿ ಒಂದು ದಿನ ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಹತ್ತಿರ, "ಇವರು ಏನಾದ್ರೂ ಮಾಡ್ಕಂಡ್ರೆ ಅಂತ ಭಯ ಕಣಮ್ಮ, ನಿಮ್ಮ ಯಜಮಾನ್ರು ಜೊತೇಲಿರ್ಲಿ," ಎಂದು ಹೇಳಿ ಹೋದರು. ಇದು ಮಾತ್ರ ಚೂರಲ್ಲ.

ಹಾಗಾಗಿ ದಂಡಿನಶಿವರಕ್ಕೆ ಅವರ ಜೊತೆ ನಾನೂ ಹೋದೆ. ಶನಿವಾರ ಎಂದು ನೆನಪು. ಆದರೆ ಶನಿವಾರ ತಿಪಟೂರಿನಲ್ಲಿ ಕೊಬ್ಬರಿ ಹರಾಜು, ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾವು ಕೂತಿದ್ದೆವು. ಹಾಗಾದರೆ ಬೇರೆ ದಿನ. ಹನ್ನೊಂದು ಚಿತ್ರಗಳು ಎರಡು ರಟ್ಟುಗಳ ನಡುವೆ ಅವರ ತೊಡೆಯ ಮೇಲಿದ್ದವು. ಬಸ್ಸು ಕುಲುಕಿದಾಗಲೆಲ್ಲ ಮಲಗಿದ ಮಗುವಿನ ಮೇಲೆ ಇಡುವ ಹಾಗೆ ಅದರ ಮೇಲೆ ಅಂಗೈ ಇಡುತ್ತಿದ್ದರು. ತೆಂಗಿನ ನಕಲನ್ನು ನನ್ನ ಕೈಗೆ ಕೊಟ್ಟಿದ್ದರು.

ಮನೆ ದೊಡ್ಡದು. ತಲೆಯ ಮೇಲೆ ಅಟ್ಟದ ತುಂಬ ಒಣಗಲು ಬಿಟ್ಟ ಕಾಯಿ. ಸದಸ್ಯರು ಹನ್ನೊಂದನ್ನು ಎಣಿಸಿ ಪಕ್ಕಕ್ಕಿಟ್ಟು, "ಎಲ್ಲಿ?" ಎಂದರು.

"ನನ್ನ ಹತ್ರ ಇಲ್ಲ. ಇದ್ದಿದ್ರೆ ತರ್ತಿದ್ದೆ," ಎಂದರು ಇವರು.

"ಯಾರಿಗೆ ಮಾರಿದ್ರಿ, ಅದಾದ್ರೂ ಹೇಳಿ."

"ಮಾರಿಲ್ಲ."

"ಹಂಗಾದ್ರೆ ತೆಂಗಿನ ಮರ ನಡ್ಕಂಡು ಹೋಯ್ತೇನ್ರೀ?"

ದನಿ ಏರಿತ್ತು. ಒಳಗಿನಿಂದ ಸದಸ್ಯರ ತಾಯಿ ಬಂದರು. ಎಂಬತ್ತರ ಹತ್ತಿರದ ಮುದುಕಿ, ಹಣೆಯ ಉದ್ದಕ್ಕೂ ವಿಭೂತಿ, ಕೈಯಲ್ಲಿ ಹೂವಿನ ಬುಟ್ಟಿ.

"ಯಾಕ್ಲಾ ಮೇಷ್ಟ್ರನ್ನ ನಿಲ್ಲಿಸ್ಕಂಡು ಕೂಗಾಡ್ತೀಯಾ?"

"ನಿಂಗೆ ಗೊತ್ತಾಗಲ್ಲ, ಒಳಗೋಗವ್ವ. ಅಪ್ಪ ಕಾಲೇಜಿಗೆ ಕೊಟ್ಟಿದ್ದ ತೆಂಗಿನ ಪಟ ಎತ್ತಾಕವ್ರೆ."

"ಯಾವ ತೆಂಗಿನ ಪಟ?" ಎಂದರು ಮುದುಕಿ. "ಅದನ್ನ ನಿಮ್ಮಪ್ಪ ಕೊಡ್ಲೇ ಇಲ್ವಲ್ಲೋ. ತೆಂಗು ನಮಗೆ ಅನ್ನ ಹಾಕಿದ್ದು, ಅದು ಹೊಸ್ಲು ದಾಟಬಾರ್ದು ಅಂದ್ರು. ಬೆಂಗಳೂರಿಗೆ ತಗಂಡೋಗಿ ಅದ್ರಂಗೇ ಒಂದು ಅಚ್ಚು ಹಾಕಿಸ್ಕಂಡು ಬಂದು, ಕಟ್ಟು ಹಾಕಿಸಿ ಅದನ್ನ ಕೊಟ್ರು. ಇದು ದೇವರ ಮನೇಲೈತೆ. ದಿನಾ ನೀನೂ ಕೈ ಮುಗೀತೀಯಲ್ಲ ಕಣ್ಲಾ."

 ಸದಸ್ಯರ ಬಾಯಿಯ ಏಲಕ್ಕಿ ನಿಂತಿತು. ಎಷ್ಟೋ ವರ್ಷದಿಂದ ಎದುರಿಗಿದ್ದ ಪಟ. ಅವರೂ ನೋಡಿರಲಿಲ್ಲ.

ನಾನು ಉಸಿರು ಬಿಟ್ಟೆ. ಆದರೆ ಇವರಿಗೆ ಅಷ್ಟು ಸಾಲದು. ಮುದುಕಿಯ ಮಾತು ಮಾತಷ್ಟೇ, ಅವರಿಗೆ ಕಣ್ಣಲ್ಲಿ ಕಾಣಬೇಕು. ಒಂದು ಪೊರಕೆ ಕಡ್ಡಿ ಕೇಳಿ ಇಸಿದುಕೊಂಡು, ಹನ್ನೊಂದರಲ್ಲಿ ಒಂದನ್ನು ತೆಗೆದು, ಚಿತ್ರದ ಮೂಲೆಯಿಂದ ಹುಳದ ತೂತಿಗೆ ಅಳತೆ ಹಿಡಿದು ಕಡ್ಡಿ ಮುರಿದರು. ಕಾಲು ತೊಳೆದು ದೇವರ ಮನೆಗೆ ಹೋದೆವು. ಕಿಟಕಿಯಿಲ್ಲದ ಕೋಣೆ. ನಾನು ಟಾರ್ಚು ಹಿಡಿದೆ. ಗಾಜು ದೀಪದ ಹೊಗೆಗೆ ಕಪ್ಪಾಗಿ, ಮೇಲೆ ವಿಭೂತಿಯ ಮೂರು ಪಟ್ಟೆ, ಕುಂಕುಮದ ದಪ್ಪ ಬೊಟ್ಟು. ಅವರು ಎಡಗಡೆಯ ಕೆಳಮೂಲೆಯನ್ನು ಒರೆಸಿ ಗಾಜಿನ ಮೇಲೆ ಕಡ್ಡಿ ಇಟ್ಟರು. ಕಡ್ಡಿಯ ತುದಿ ಒಂದು ಸಣ್ಣ ಕಪ್ಪು ತೂತಿನ ಮೇಲೆ ನಿಂತಿತು.

ಸದಸ್ಯರನ್ನು ಕರೆದು ತೋರಿಸಿದರು. ಅವರು ಬಗ್ಗಿ ನೋಡಿ, "ಆಯ್ತು ಬುಡಿ ಮೇಷ್ಟ್ರೇ. ಆಗಿದ್ದು ಆಯ್ತು. ಸಮಿತಿಗೆ ನಾನೇ ಹೇಳ್ತೀನಿ," ಎಂದರು. ತಪ್ಪಾಯಿತು ಎಂಬ ಮಾತು ಬಂದಂತೆ ನನಗೆ ನೆನಪಿಲ್ಲ. ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಸದಸ್ಯರು ಹೊಸ್ತಿಲ ಬಳಿಗೆ ಹೋದವರು ತಿರುಗಿ ನಿಂತರು.

"ಅಂದ್ರೆ ಹನ್ನೆರಡೂ ಸಿಕ್ಕಂಗಾಯ್ತಲ್ಲ. ಇದರ ಮೇಲೂ ಒಂದು ಮಾತು ಬರ್ಕೊಡಿ. ಬುಧವಾರ ಪಾರ್ಟಿ ಬರ್ತಾನೆ."

ಮುದುಕಿ ಬುಟ್ಟಿಯಿಂದ ಹೂ ತೆಗೆದು ಪಟಕ್ಕೆ ಇಡಲು ಹೊರಟವರು ಕೈ ತಡೆದರು. "ಇವತ್ತೇ ಇಳಿಸ್ತೀರಾ, ಇಲ್ಲ ಬುಧವಾರ ಇಳಿಸ್ತೀರಾ?" ಎಂದು ಕೇಳಿದರು.  ಹೂ ಇಡಬೇಕೋ ಬೇಡವೋ ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

ಇವರು ಭೂತಗನ್ನಡಿ ತೆಗೆದರು. ಬೊಟ್ಟು, ಪಟ್ಟೆ ಬಿಟ್ಟು ಉಳಿದ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಂಬಾಳೆಯಿಂದ ಶುರು ಮಾಡಿ ಬುಡದವರೆಗೆ ನೋಡಿದರು. ಅಷ್ಟು ಹೊತ್ತು ಅವರು ಯಾವ ಚಿತ್ರವನ್ನೂ ನೋಡಿದ್ದು ನಾನು ಕಂಡಿಲ್ಲ. ನಡುವೆ ಒಮ್ಮೆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಗರಿಯ ಒಂದೊಂದು ಗೆರೆಯೂ ನಿನ್ನೆ ಕೊರೆದಂತೆ ಚೂಪಾಗಿತ್ತು. ಎಳನೀರಿನ ಹಸಿರು ಒಂದು ಕಡೆ, ಕೂದಲೆಳೆಯಷ್ಟು, ಗೆರೆ ದಾಟಿತ್ತು.

"ಎಣ್ಣೆ ಇಳಿದುಬಿಟ್ಟಿದೆ," ಎಂದರು ಅವರು, ನೆಟ್ಟಗೆ ನಿಂತು. "ಕುಂಕುಮ ಕಾಗದಕ್ಕೆ ಹತ್ತಿದೆ. ಇದನ್ನ ಗಾಜಿಂದ ಬಿಡಿಸಕ್ಕೆ ಹೋದ್ರೆ ಹರಿದುಹೋಗ್ತದೆ. ಬೆಲೆ ಇಲ್ಲ."

"ಏನೂ ಇಲ್ವಾ?"

"ಇದನ್ನ ಸೇರಿಸಿದ್ರೆ ಉಳಿದ ಹನ್ನೊಂದರ ಮೇಲೂ ಅನುಮಾನ ಬರ್ತದೆ. ಹನ್ನೊಂದನ್ನೇ ಕೊಡಿ."

ಸದಸ್ಯರು ಗಾಜಿನ ಮೇಲಿನ ಕೆಂಪನ್ನು ನೋಡಿ ನಾಲಿಗೆ ಲೊಚಗುಟ್ಟಿದರು. "ಬರ್ಕೊಡಿ ಹಂಗಾದ್ರೆ." ಇವರು ಬರೆದರು. ತೆಂಗು, ಅಸಲಿ, ಪೂರ್ತಿ ಕೆಟ್ಟಿದೆ, ಬೆಲೆ ಇಲ್ಲ. ಪೂರ್ತಿ ಹೆಸರು, ತಾರೀಖು.  ಮುದುಕಿ ಹೂ ಇಟ್ಟರು.

ಆ ಹನ್ನೊಂದು ಚಿತ್ರಗಳು ಆಮೇಲೆ ಎಲ್ಲಿಗೆ ಹೋದವು, ಎಷ್ಟಕ್ಕೆ ಹೋದವು, ನನಗೆ ಗೊತ್ತಿಲ್ಲ. ಅವರು ಕೇಳಲೂ ಇಲ್ಲ. ಮುಂದಿನ ವರ್ಷ ಸದ್ದಿಲ್ಲದೆ ನಿವೃತ್ತರಾದರು, ಪೆನ್ಷನ್ ಬಂತು. ಲ್ಯಾಬಿನ ಬೀರುವಿನಲ್ಲಿ ಪಿಪೆಟ್ಟುಗಳನ್ನು ಜೋಡಿಸಿದರು.

ವಾಪಸು ಬರುವ ಬಸ್ಸಿನಲ್ಲಿ, ತಿಪಟೂರು ಹತ್ತಿರವಾಗುವವರೆಗೆ ನಾನು ತಡೆದುಕೊಂಡಿದ್ದೆ.

"ಸಾರ್, ಎಣ್ಣೆ ಇಳಿದಿರಲಿಲ್ಲ. ಕುಂಕುಮ ಗಾಜಿನ ಮೇಲಿತ್ತು, ಕಾಗದದ ಮೇಲಲ್ಲ."

ಅವರು ಖಾಲಿ ರಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದರು.

"ಒಳಗೆ ಕತ್ತಲೆ. ನೀವು ಸರಿಯಾಗಿ ನೋಡಲಿಲ್ಲ," ಎಂದರು.

ಈ ಬರಹದಲ್ಲಿ ವರ್ಷ, ವಾರ, ಯಾರು ಯಾವ ಮಾತನ್ನು ಮೊದಲು ಆಡಿದರು, ಎಲ್ಲವೂ ತಪ್ಪಿರಬಹುದು. ಆದರೆ ಟಾರ್ಚು ನನ್ನ ಕೈಯಲ್ಲಿತ್ತು. ನಾನು ಸರಿಯಾಗಿಯೇ ನೋಡಿದ್ದೆ.